ಒಂದೇ ಸಂಜೆ, ಮೂರು ಕಾಲದ ರಾಕ್ ಗಿಟಾರ್

ಮಾಟುಂಗದಿಂದ ಡೊಂಬಿವಲಿವರೆಗೆ ನಮ್ಮ ಕನ್ನಡದ ಹುಡುಗರ ಬ್ಯಾಂಡುಗಳು ಒಂದೇ ಸಂಜೆ 60ರ ದಶಕದಿಂದ 90ರ ದಶಕಕ್ಕೆ ಜಿಗಿಯುತ್ತವೆ. ಅದಕ್ಕೆ ಪೆಡಲ್ (ಕಾಲಿನಿಂದ ಒತ್ತಿ ನಾದ ಬದಲಿಸುವ ಪೆಟ್ಟಿಗೆ) ಬದಲಿಸಿದರಷ್ಟೇ ಸಾಲದು. ಕೇಳುಗರ ರುಚಿ ಬದಲಾದಂತೆ ಕೈಚಳಕ, ಶ್ರುತಿ, ಸೋಲೋಗೆ ಸಿಗುತ್ತಿದ್ದ ಜಾಗ ಎಲ್ಲವೂ ಬದಲಾದವು.

60ರ ದಶಕಕ್ಕೆ ಫಜ್, ಅಂದರೆ ನಾದವನ್ನು ಒಡೆದು ಗೊರಗೊರ ಎನಿಸುವ ಪೆಡಲ್ ಬೇಕು. ಮೇಸ್ಟ್ರೋ ಫಜ್-ಟೋನ್ 1962ರಲ್ಲೇ ಬಂದಿತ್ತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ಬಳಸಿದ ಮೇಲೆ ಎಲ್ಲರಿಗೂ ಬೇಕಾಯಿತು. ಹಳೆಯ ಮಾದರಿಯ ಫಜ್ ಅನ್ನು ಗಿಟಾರಿನ ಪಕ್ಕದಲ್ಲೇ, ಮೊದಲ ಪೆಡಲ್ ಆಗಿ ಇಡಿ. ಬಫರ್ (ಸಿಗ್ನಲ್ ಕುಂದದಂತೆ ಕಾಯುವ ಸರ್ಕ್ಯೂಟ್) ಇರುವ ಪೆಡಲಿನ ನಂತರ ಇಟ್ಟರೆ ನಾದ ತೆಳ್ಳಗೆ, ಕರ್ಕಶವಾಗುತ್ತದೆ. ಪೂರ್ತಿ ಕಾರ್ಡ್ ಹಿಡಿದರೆ ಎಲ್ಲ ಸ್ವರ ಕಲಸಿಹೋಗುತ್ತದೆ; ಎರಡೇ ತಂತಿ ನುಡಿಸಿ.

ಹೆಚ್ಚು ಶ್ರಮ ಬೇಡುವುದು 80ರ ಶೈಲಿ. 1978ರಲ್ಲಿ ವ್ಯಾನ್ ಹೇಲನ್‌ನ ಮೊದಲ ಆಲ್ಬಂ ಬಂದ ಮೇಲೆ ವೇಗಕ್ಕೆ ಬೆಲೆ ಬಂತು. ಮುಂಬೈಯ ಇಂಡಿಪೆಂಡೆನ್ಸ್ ರಾಕ್ ಸಂಗೀತೋತ್ಸವ ಶುರುವಾದದ್ದೂ ಆ ಕಾಲದಲ್ಲೇ, 1986ರಲ್ಲಿ. ಟ್ಯಾಪಿಂಗ್‌ನಲ್ಲಿ (ಬಲಗೈ ಬೆರಳಿನಿಂದಲೂ ಗಿಟಾರಿನ ನೆಕ್ ಮೇಲೆ ತಂತಿ ತಟ್ಟಿ ನುಡಿಸುವ ರೀತಿ) ಬಲಗೈ ಮಧ್ಯದ ಬೆರಳನ್ನು ನೇರ ಮೇಲೆತ್ತಬೇಡಿ, ತಂತಿಯನ್ನು ಪಕ್ಕಕ್ಕೆ ಮೀಟಿ ಬಿಡಿ. ಇಲ್ಲದಿದ್ದರೆ ಮುಂದಿನ ಸ್ವರ ಸತ್ತುಹೋಗುತ್ತದೆ. ಮೊದಲ ಫ್ರೆಟ್ಟಿನ (ನೆಕ್ ಮೇಲಿನ ಲೋಹದ ಪಟ್ಟಿ) ಬಳಿ ತಲೆಗೂದಲಿನ ರಬ್ಬರ್ ಸುತ್ತಿದರೆ ಬೇಡದ ತಂತಿಗಳು ಗುಂಯ್‌ಗುಡುವುದಿಲ್ಲ. ಮೆಟ್ರೋನೋಮ್ (ತಾಳ ಕೊಡುವ ಯಂತ್ರ) ಅನ್ನು ನಿಮಿಷಕ್ಕೆ 60 ಬೀಟಿಗೆ ಇಟ್ಟು, ಒಂದು ಬೀಟಿಗೆ ಮೂರು ಸ್ವರದಂತೆ ಆರಂಭಿಸಿ. ಗೇನ್ (ನಾದ ಒಡೆಯುವ ಪ್ರಮಾಣ) ಅನ್ನು ಬಹಳಷ್ಟು ಜನ ಅಗತ್ಯಕ್ಕಿಂತ ಹೆಚ್ಚಿಡುತ್ತಾರೆ. ಟೈಲ್ಸ್ ಹಾಕಿದ ಸೊಸೈಟಿ ಹಾಲಿನಲ್ಲಂತೂ ಗೇನ್, ಡಿಲೇ (ಪ್ರತಿಧ್ವನಿ) ಎರಡನ್ನೂ ಇಳಿಸಿ, ಇಲ್ಲದಿದ್ದರೆ ಸ್ವರ ಬಿಡಿಬಿಡಿಯಾಗಿ ಕೇಳುವುದಿಲ್ಲ.

1991ರಲ್ಲಿ ನಿರ್ವಾನಾದ ಎರಡನೇ ಆಲ್ಬಂ ಗೆದ್ದ ಮೇಲೆ ಉದ್ದದ ಸೋಲೋ ಹಿಂದೆ ಸರಿಯಿತು. ಮೆಲ್ಲಗಿನ ಚರಣ, ಅಬ್ಬರದ ಪಲ್ಲವಿ ಮುಖ್ಯವಾದವು. ಸೌಂಡ್‌ಗಾರ್ಡನ್ ತರಹದ ಭಾರಕ್ಕೆ ಎಲ್ಲಕ್ಕಿಂತ ದಪ್ಪ ತಂತಿಯನ್ನು ಇಯಿಂದ ಒಂದು ಪೂರ್ತಿ ಸ್ವರ ಇಳಿಸಿ ಡಿಗೆ ತನ್ನಿ. ಒಂದೇ ಬೆರಳನ್ನು ದಪ್ಪ ಮೂರು ತಂತಿಯ ಮೇಲೆ ಅಡ್ಡ ಇಟ್ಟರೆ ಪವರ್ ಕಾರ್ಡ್ ಸಿದ್ಧ. 9-42 ಸೆಟ್ (ಅತಿ ತೆಳು, ಅತಿ ದಪ್ಪ ತಂತಿಗಳ ಅಳತೆ, ಇಂಚಿನ ಸಾವಿರದ ಭಾಗಗಳಲ್ಲಿ) ಇಲ್ಲಿ ಜೋಲುತ್ತದೆ, ಜೋರಾಗಿ ಹೊಡೆದರೆ ಶ್ರುತಿ ಏರುತ್ತದೆ. 10-52 ಹಾಕಿ. ತೇಲುವ (ತಂತಿ ಮತ್ತು ಸ್ಪ್ರಿಂಗ್‌ಗಳ ಎಳೆತದ ನಡುವೆ ನಿಲ್ಲುವ) ಫ್ಲಾಯ್ಡ್ ರೋಸ್ ಬ್ರಿಡ್ಜ್ ಇದ್ದರೆ ಈ ಹಾಡುಗಳಿಗೆ ಬೇರೆ ಗಿಟಾರ್ ಬೇಕು: ಒಂದು ತಂತಿ ಸಡಿಲವಾದೊಡನೆ ಸ್ಪ್ರಿಂಗ್ ಬ್ರಿಡ್ಜನ್ನು ಹಿಂದಕ್ಕೆಳೆದು ಉಳಿದ ಐದರ ಶ್ರುತಿ ಏರಿಸಿಬಿಡುತ್ತದೆ.

ಮುಂಬೈ ಮಳೆಗಾಲದ ತೇವಕ್ಕೆ ನೆಕ್ ಬಾಗುತ್ತದೆ. ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ನೆಕ್ ದೇಹಕ್ಕೆ ಸೇರುವಲ್ಲೂ ಒತ್ತಿಹಿಡಿದು, 7ನೇ ಫ್ರೆಟ್ ಮೇಲಿನ ಸಂದು ನೋಡಿ, ಸುಮಾರು 0.25 ಮಿ.ಮೀ. ಇರಲಿ. ನೆಕ್ ಒಳಗಿನ, ಬಾಗು ಸರಿಮಾಡುವ ಟ್ರಸ್ ರಾಡನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಮತ್ತೆ ಶ್ರುತಿ ಮಾಡಿ ಮರುದಿನ ಅಳೆಯಿರಿ.

ಒಂದೇ ಗಿಟಾರ್ ಇದ್ದರೆ ಡಿಗೆ ಇಳಿಸಿದ ಹಾಡುಗಳನ್ನೆಲ್ಲ ಕಾರ್ಯಕ್ರಮದ ಕೊನೆಗೆ ಒಟ್ಟಿಗೆ ಇಡಿ.