ಮೆಣಸಿನಕಾಯಿ ಪಟ್ಟಿ, ಅಜ್ಜಿಯ ಕವಡೆ: ನನ್ನ ಸಂಖ್ಯಾಶಾಸ್ತ್ರದ ಕ್ಲಾಸು

ಹಾವೇರಿಯಲ್ಲಿ ಪಿಯು ಕಾಮರ್ಸ್ ಮಕ್ಕಳಿಗೆ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಮೊದಲ ಕೆಲವು ವರ್ಷ ಎಲ್ಲರ ಹಾಗೆಯೇ ಕಲಿಸಿದೆ. ಬೋರ್ಡ್ ಮೇಲೆ ಸೂತ್ರ, ಅದರ ಕೆಳಗೆ ಕೋಷ್ಟಕ, ಕೊನೆಗೆ ಉತ್ತರದ ಅಡಿಗೆ ಎರಡು ಗೆರೆ. ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅಂತ ಹೇಳುವ ಮಾನಕ ವಿಚಲನೆಯನ್ನು ಮಕ್ಕಳು ಎರಡು ದಶಮಾಂಶದವರೆಗೆ ಸರಿಯಾಗಿ ತೆಗೆಯುತ್ತಿದ್ದರು. "4.32 ಬಂತಲ್ಲ, ಹಂಗಂದ್ರ ಏನು?" ಅಂತ ಒಮ್ಮೆ ಕೇಳಿದೆ. "ಉತ್ತರ ರೀ ಮೇಡಂ" ಅಂದ ಒಬ್ಬ. ಕ್ಲಾಸೆಲ್ಲ ನಕ್ಕಿತು, ನಾನೂ ನಕ್ಕೆ. ಮನೆಗೆ ಬಂದ ಮೇಲೆ ಮಾತ್ರ ನಗು ಬರಲಿಲ್ಲ.

ಕ್ಲಾಸಿನಲ್ಲಿ ಬ್ಯಾಡಗಿ ಕಡೆಯ ಮಕ್ಕಳು ಬಹಳ. ಮನೆಯಲ್ಲಿ ಮೆಣಸಿನಕಾಯಿ ಬೆಳೆಯುವವರು, ಮಾರುಕಟ್ಟೆಯಲ್ಲಿ ಹಮಾಲಿ ಮಾಡುವವರು, ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು ಇದ್ದಾರೆ. ಮನೆಯಲ್ಲಿ ಬಿದ್ದಿರುವ, ಕಾಯಿ ಮಾರಿದ ಹಳೇ ಪಟ್ಟಿ ತನ್ನಿ ಅಂದೆ. ಬಂದವುಗಳಲ್ಲಿ ಒಂಬತ್ತು ಲಾಟ್ (ಒಟ್ಟಿಗೆ ಒಂದೇ ದರಕ್ಕೆ ಮಾರಿದ ಚೀಲಗಳು) ಆರಿಸಿ, ಲೆಕ್ಕಕ್ಕೆ ಸುಲಭವಾಗಲಿ ಅಂತ ದರಗಳನ್ನು ಸ್ವಲ್ಪ ದುಂಡಗೆ ಮಾಡಿ ಬೋರ್ಡ್ ಮೇಲೆ ಬರೆದೆ. ಕ್ವಿಂಟಲ್‌ಗೆ 9,000, 11,500, 12,000, 12,000, 13,000, 13,500, 14,000, 15,000, 35,000 ರೂಪಾಯಿ.

ಲೆಕ್ಕ ಮಾಡುವ ಮೊದಲು ಒಂದು ಪ್ರಶ್ನೆ ಕೇಳಿದೆ. ಇವನ್ನು ನೋಡಿದರೆ ನಿಮ್ಮಪ್ಪ ಒಯ್ದ ಕಾಯಿಗೆ ಎಷ್ಟು ಸಿಗಬಹುದು? ಹನ್ನೆರಡು, ಹದಿಮೂರು ಸಾವಿರ ಅಂದರು. ಈಗ ಸರಾಸರಿ ತೆಗೀರಿ ಅಂದೆ. ಮೊತ್ತ 1,35,000, ಒಂಬತ್ತರಿಂದ ಭಾಗಿಸಿದರೆ 15,000. ಕ್ಲಾಸಿನಲ್ಲಿ ಗುಸುಗುಸು ಶುರುವಾಯಿತು. ಒಂಬತ್ತು ಲಾಟ್‌ನಲ್ಲಿ ಸರಾಸರಿಗಿಂತ ಮೇಲೆ ಇರುವುದು ಒಂದೇ ಒಂದು! ಇದೆಂಥ ಸರಾಸರಿ?

ದರಗಳು ಸಾಲಾಗಿಯೇ ಇದ್ದವು. ಎರಡೂ ಕಡೆಯಿಂದ ಒಂದೊಂದೇ ಹೊಡೆಯುತ್ತಾ ಬಂದೆವು. ನಡುವೆ ಉಳಿದದ್ದು 13,000. ಅದೇ ಮಧ್ಯಾಂಕ. ಹೆಚ್ಚು ಸಲ ಬಂದದ್ದು 12,000, ಅದು ರೂಢಿಬೆಲೆ. ಪುಸ್ತಕದಲ್ಲಿ ಒಣಗಿ ಕೂತಿದ್ದ ಈ ಪದ ದಲಾಲಿ ಅಂಗಡಿಯ ಲೆಕ್ಕದಲ್ಲಿ ಮಾತ್ರ ತಾನಾಗೇ ಅರ್ಥವಾಗುತ್ತದೆ ನೋಡಿ.

ಆಗ ಹಿಂದಿನ ಬೆಂಚಿನಿಂದ ಹಮಾಲರ ಮನೆಯ ಹುಡುಗ ಎದ್ದು ನಿಂತ. "ಮೇಡಂ, ಆ 35 ಸಾವಿರದ್ದು ಎಷ್ಟ್ ಚೀಲ ಇತ್ತರಿ?"

ನಾನು ನೋಡಿಯೇ ಇರಲಿಲ್ಲ. ಪಟ್ಟಿ ತಿರುವಿದೆ. ಎರಡು ಚೀಲ. ಉಳಿದ ಲಾಟ್‌ಗಳು ಸುಮಾರು ಹತ್ತತ್ತು ಚೀಲದವು. ಎರಡು ಚೀಲಕ್ಕೂ ಹತ್ತು ಚೀಲಕ್ಕೂ ಲೆಕ್ಕದಲ್ಲಿ ಒಂದೇ ತೂಕ, ಅಂದರೆ ಒಂದೇ ಮಹತ್ವ, ಕೊಟ್ಟು ಸರಾಸರಿ ತೆಗೆದಿದ್ದೆ! ಚೀಲ ಎಲ್ಲವೂ ಒಂದೇ ಗಾತ್ರದ್ದು ಅಂದುಕೊಂಡು ಮತ್ತೆ ಲೆಕ್ಕ ಹಾಕಿದೆವು. 80 ಚೀಲ 12,500ರ ಸರಾಸರಿಯಲ್ಲಿ, 2 ಚೀಲ 35,000ದಲ್ಲಿ. ಒಟ್ಟು 82 ಚೀಲಕ್ಕೆ ಸುಮಾರು 13,050. ಮಕ್ಕಳು ಮೊದಲೇ ಹೇಳಿದ ಅಂದಾಜಿನ ಹತ್ತಿರಕ್ಕೇ ಬಂತು. ತೂಕದ ಸರಾಸರಿಯನ್ನು ಆ ದಿನ ಕಲಿಸಿದವನು ಅವನು, ನಾನಲ್ಲ.

35,000 ಯಾಕೆ ಬಂತು ಅನ್ನೋದನ್ನೂ ಅವರೇ ಹೇಳಿದರು. ಬ್ಯಾಡಗಿಯಲ್ಲೇ ಡಬ್ಬಿ ಅನ್ನೋ ಬಗೆಯ ಕಾಯಿ, ಕಡು ಕೆಂಪು, ಚೆನ್ನಾಗಿ ಒಣಗಿದ್ದು. ಬ್ಯಾಡಗಿ ಕಾಯಿಗೆ ಬೆಲೆ ಬರೋದು ಖಾರಕ್ಕಲ್ಲ, ಬಣ್ಣಕ್ಕೆ. 2011ರಲ್ಲಿ ಸಿಕ್ಕ ಜಿಐ (ಭೌಗೋಳಿಕ ಗುರುತು) ಮಾನ್ಯತೆಯ ಹಿಂದೆ ಇರುವುದೂ ಈ ಕಡಿಮೆ ಖಾರ, ಗಾಢ ಬಣ್ಣ, ಸುಕ್ಕು ಸಿಪ್ಪೆಯ ಗುರುತೇ. ಅಂದರೆ ಆ ದರ ತಪ್ಪಿ ಬಂದ ಅಂಕಿ ಅಲ್ಲ. ದೂರದ ಅಂಕಿ ಕಂಡ ಕೂಡಲೇ ಹೊಡೆದು ಹಾಕಬಾರದು, ಮೊದಲು ವಿಚಾರಿಸಬೇಕು ಅಂತ ನಾನು ಬೇರೆ ಹೇಳಬೇಕಾಗಲಿಲ್ಲ.

ಮಾನಕ ವಿಚಲನೆಗೂ ಇದೇ ಒಂಬತ್ತು ಅಂಕಿ ತೆಗೆದುಕೊಂಡೆವು. ಸಾವಿರದ ಲೆಕ್ಕದಲ್ಲಿ 15ರಿಂದ ಪ್ರತಿಯೊಂದರ ದೂರ ಬರೆದು ವರ್ಗ ಮಾಡಿದೆವು. ಒಟ್ಟು 473.5. ಅದರಲ್ಲಿ 400 ಆ ಒಂದೇ ಲಾಟ್‌ದು! ಒಟ್ಟನ್ನು ಒಂಬತ್ತರಿಂದ ಭಾಗಿಸಿ ವರ್ಗಮೂಲ ತೆಗೆದರೆ ವಿಚಲನೆ ಸುಮಾರು 7,250 ಬಂತು. ಆ ಲಾಟ್ ಪಕ್ಕಕ್ಕಿಟ್ಟು ಮಾಡಿದರೆ 1,700ರ ಆಸುಪಾಸು. ವರ್ಗ ಮಾಡುವುದು ದೂರದವನನ್ನು ಎಷ್ಟು ದೊಡ್ಡದಾಗಿ ತೋರಿಸುತ್ತದೆ ಅನ್ನೋದು ಆ ಕಾಲಂ ನೋಡಿದರೆ ಸಾಕು.

ಈ ಪಾಠದ ನಡುವೆ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರ ಮಾತು ತೆಗೆಯುತ್ತೇನೆ. 1920ರಲ್ಲಿ ಹುಟ್ಟಿದ್ದು ಹೂವಿನ ಹಡಗಲಿಯಲ್ಲಿ, ನಮ್ಮ ಕಡೆಯಿಂದ ತುಂಗಭದ್ರೆ ದಾಟಿದರೆ ಅದೇ ಸೀಮೆ. ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನ 2023ರಲ್ಲಿ ಬಂದಾಗ ಅವರಿಗೆ 102 ವರ್ಷ. "ನಮ್ಮ ಹಡಗಲಿಯವ್ರಾ?" ಅಂತ ಮಕ್ಕಳು ಬಾಯಿ ಬಿಡುತ್ತಾರೆ. ಅಷ್ಟು ಸಾಕು, ಪ್ರಮೇಯ ಆಮೇಲೆ.

ಸಂಭವನೀಯತೆಗೆ ನಾಣ್ಯ, ದಾಳ ಬಿಟ್ಟು ಕವಡೆ ಹಿಡಿದೆ. ಚೌಕಾಬಾರ ಗೊತ್ತಲ್ವಾ? ನಾಲ್ಕು ಕವಡೆ. ಬಾಯಿ ಮೇಲಾಗಿ ಎಷ್ಟು ಬಿದ್ದವೋ ಅಷ್ಟು ಮನೆ. ನಾಲ್ಕೂ ಬೋರಲು ಬಿದ್ದರೆ ಎಂಟು. ಪುಸ್ತಕದ ಪ್ರಕಾರ ಹೇಳಿ ಅಂದೆ. ಪ್ರತಿ ಕವಡೆಗೂ ಅರ್ಧಕ್ಕರ್ಧ, ಆದ್ದರಿಂದ ಎಂಟು ಬೀಳೋದು 16ರಲ್ಲಿ 1, ನಾಲ್ಕು ಬೀಳೋದೂ 16ರಲ್ಲಿ 1 ಅಂದರು. ನೂರು ಸಲ ಎಸೆದರೆ ಆರಾರು.

ಒಬ್ಬ ಹುಡುಗಿ ಮಾತ್ರ ಒಪ್ಪಲಿಲ್ಲ. "ನಮ್ಮಜ್ಜಿ ಹಂಗ ಅನ್ನೂದಿಲ್ರಿ. ಎಂಟು ಬೀಳತಾವ, ನಾಕು ಬೀಳೂದು ಅಪರೂಪ ಅಂತಾಳ." ಹಾಗಾದರೆ ಅಜ್ಜಿಯ ಕವಡೆಯನ್ನೇ ತಗೊಂಡು ಬಾ ಅಂದೆ.

ಮರುದಿನ ನೂರು ಸಲ ಎಸೆದೆವು. ಒಬ್ಬರು ಎಸೆಯೋದು, ಒಬ್ಬರು ಕೂಗೋದು, ಇಬ್ಬರು ಬರೆಯೋದು. ಇಬ್ಬರು ಬೇಕೇ ಬೇಕು, ಒಬ್ಬರೇ ಬರೆದರೆ ನಡುವೆ ಒಂದು ಎಸೆತ ತಪ್ಪುತ್ತದೆ, ಆಮೇಲೆ ಜಗಳ. ಎಂಟು 13 ಸಲ ಬಿತ್ತು. ಒಂದು 33, ಎರಡು 33, ಮೂರು 19. ನಾಲ್ಕು ಬಿದ್ದದ್ದು ಎರಡೇ ಸಲ. ಒಟ್ಟು 400 ಕವಡೆಯಲ್ಲಿ ಬಾಯಿ ಮೇಲಾದದ್ದು 164, ಅಂದರೆ 0.41. ಹಾಗಾದರೆ ಬೋರಲು 0.59. ಅದನ್ನು ನಾಲ್ಕು ಸಲ ಗುಣಿಸಿದರೆ ಸುಮಾರು 0.12, ನೂರಕ್ಕೆ ಹನ್ನೆರಡು. 0.41ನ್ನು ನಾಲ್ಕು ಸಲ ಗುಣಿಸಿದರೆ ನೂರಕ್ಕೆ ಮೂರರಷ್ಟೂ ಇಲ್ಲ. ಒಂದು ಕವಡೆಯಲ್ಲಿ ಅರ್ಧದಿಂದ ಇಷ್ಟೇ ಇಷ್ಟು ಜಾರಿದ್ದು, ನಾಲ್ಕು ಸೇರಿದಾಗ ಎಂಟು ಬೀಳೋದಕ್ಕೂ ನಾಲ್ಕು ಬೀಳೋದಕ್ಕೂ ನಡುವೆ ನಾಲ್ಕು ಪಟ್ಟು ವ್ಯತ್ಯಾಸ ಮಾಡಿತು. ಇದು ಅಜ್ಜಿಯ ಕವಡೆಯ ಲೆಕ್ಕ. ನಿಮ್ಮ ಮನೆಯವು ಬೇರೆ ಹೇಳಬಹುದು, ಎಸೆದು ನೋಡಿ.

ಇನ್ನೊಂದು ನೂರು ಎಸೆದಾಗ ಎಂಟು 9 ಸಲ ಮಾತ್ರ ಬಿತ್ತು. ಎಲ್ಲೋ ತಪ್ಪಿದೆವು ಅಂತ ಮುಖ ಸಣ್ಣ ಮಾಡಿಕೊಂಡರು. ಇಲ್ಲಿಗೆ ಮಾನಕ ವಿಚಲನೆ ವಾಪಸ್ ಬಂತು. ಎಸೆತ 100, ಎಂಟು ಬೀಳುವ 0.12, ಬೀಳದ 0.88, ಈ ಮೂರನ್ನೂ ಗುಣಿಸಿ ವರ್ಗಮೂಲ ತೆಗೆದರೆ ಮೂರು ಚಿಲ್ಲರೆ. ಹನ್ನೆರಡರ ಆಚೆ ಈಚೆ ಮೂರು ಅಲ್ಲಾಡೋದು ಸಹಜ. 9 ಕೂಡ ಸರಿ, 13 ಕೂಡ ಸರಿ. "ಹಂಗಂದ್ರ ಏನು?" ಅಂತ ಈ ಸಲ ನಾನು ಕೇಳಲೇ ಇಲ್ಲ.

ಹುಡುಗಿ ಮನೆಗೆ ಹೋಗಿ ಅಜ್ಜಿಗೆ ಎಲ್ಲ ಲೆಕ್ಕ ಒಪ್ಪಿಸಿದಳಂತೆ. ಅಂದಿನಿಂದ ಅಜ್ಜಿ ಆ ಕವಡೆಗಳನ್ನು ಎಲೆ ಅಡಿಕೆ ಚೀಲದಲ್ಲಿ ಹಾಕಿಕೊಂಡು ಯಾರಿಗೂ ಕೊಡುತ್ತಿಲ್ಲವಂತೆ. ಈ ವರ್ಷದ ಕ್ಲಾಸಿಗೆ ಹುಣಸೆ ಬೀಜದ ಒಂದು ಮಗ್ಗಲು ಉಜ್ಜಿ ಬೆಳ್ಳಗೆ ಮಾಡಿಕೊಂಡಿದ್ದೇವೆ.