ಹದ್ದು, ಮುಂಗುಸಿ, ಕಾಡುಬೆಕ್ಕು: ಮನೆಯ ಪುಟ್ಟ ಪ್ರಾಣಿಗಳನ್ನು ಕಾಯುವುದು ಹೇಗೆ?

ಕಬ್ಬು ಕಡಿಯುವ ಹಂಗಾಮು ಶುರುವಾಯಿತೆಂದರೆ ಮುಧೋಳ, ಜಮಖಂಡಿ ಕಡೆ ಹಿತ್ತಲಿನ ಕೋಳಿ, ಮೊಲಗಳಿಗೆ ಕಷ್ಟದ ದಿನಗಳು. ಆಳೆತ್ತರದ ಕಬ್ಬಿನೊಳಗೆ ಇಲಿ, ಹೆಗ್ಗಣ ಹಿಡಿದು ಬದುಕುತ್ತಿದ್ದ ಕಾಡುಬೆಕ್ಕು, ನರಿಗಳ ಆಸರೆ ನಾಲ್ಕೈದು ದಿನಗಳಲ್ಲಿ ಬಯಲಾಗಿಬಿಡುತ್ತದೆ. ಅವು ಬೇರೆ ಫಡ (ಕಬ್ಬಿನ ಹೊಲ) ಹುಡುಕಿಕೊಂಡು ಹೊರಡುತ್ತವೆ. ದಾರಿಯಲ್ಲಿ ಊರಂಚಿನ ಮನೆಗಳು ಸಿಗುತ್ತವೆ. ಜನವರಿ ಹೊತ್ತಿಗೆ ಹದ್ದುಗಳೂ ಗೂಡು ಕಟ್ಟಿ ಮರಿ ಸಾಕುವ ಕೆಲಸಕ್ಕೆ ಇಳಿಯುತ್ತವೆ. ಆಗ ಅವುಗಳ ಕಣ್ಣು ಅಂಗಳದ ಕೋಳಿಮರಿಗಳ ಮೇಲೆ ಬೀಳುವುದು ಜಾಸ್ತಿ.

ಒಂದು ಮಾತು ಮೊದಲೇ ಹೇಳಬೇಕು. ಕಾಡಿನ ಮೊಲಕ್ಕೆ ಓಡಲು ಕಾಲಿದೆ, ಅಡಗಲು ಪೊದೆ ಇದೆ. ನಮ್ಮ ಗೂಡಿನ ಮೊಲಕ್ಕೆ ಅದ್ಯಾವುದೂ ಇಲ್ಲ. ಓಡುವ ದಾರಿಯನ್ನು ಮುಚ್ಚಿದವರು ನಾವು. ಹಾಗಾಗಿ ಅದರ ಜೀವ ಕಾಯುವ ಕೆಲಸವನ್ನು ಗೂಡೇ ಮಾಡಬೇಕು. ಹದ್ದನ್ನೋ ನರಿಯನ್ನೋ ಬೈದು ಉಪಯೋಗವಿಲ್ಲ. ಗೂಡು ಸರಿ ಮಾಡಿದರೆ ಮುಕ್ಕಾಲು ಪಾಲು ಚಿಂತೆ ಅಲ್ಲಿಗೇ ಮುಗಿಯುತ್ತದೆ.

ಮೊದಲು, ಬಂದವರು ಯಾರು ಎಂದು ತಿಳಿಯಿರಿ

ಬಹಳ ಮನೆಗಳಲ್ಲಿ ಒಂದು ಮರಿ ಹೋದ ಕೂಡಲೇ ಹದ್ದಿನ ಮೇಲೆ ಹೊರಿಸುತ್ತಾರೆ. ಆಮೇಲೆ ಮೇಲೊಂದು ಬಲೆ ಕಟ್ಟಿ ಸುಮ್ಮನಾಗುತ್ತಾರೆ. ಮರುದಿನ ಮುಂಗುಸಿ ಕೆಳಗಿನಿಂದ ಬಂದು ಇನ್ನೆರಡು ಒಯ್ಯುತ್ತದೆ. ಅದಕ್ಕೇ ಗುರುತು ನೋಡುವುದನ್ನು ಕಲಿಯಬೇಕು.

ಹಾಡಹಗಲೇ, ಬಯಲಿನಲ್ಲಿ, ಒಂದು ಪುಕ್ಕವೂ ಬೀಳದೆ ಮರಿ ಮಾಯವಾಗಿದ್ದರೆ ಹದ್ದು ಅಥವಾ ಕಾಗೆ ಇರಬಹುದು. ಒಂದೇ ಜಾಗದಲ್ಲಿ ಕಿತ್ತ ಪುಕ್ಕಗಳ ರಾಶಿ ಬಿದ್ದಿದ್ದರೆ ಗಿಡುಗದ ಜಾತಿಯ ಹಕ್ಕಿ. ಅದು ಬೇಟೆಯನ್ನು ಒತ್ತಿ ಹಿಡಿದು ಪುಕ್ಕ ಕಿತ್ತೇ ತಿನ್ನುತ್ತದೆ. ಕುತ್ತಿಗೆ ಕಚ್ಚಿಸಿಕೊಂಡ ಕೋಳಿಗಳು ನಾಲ್ಕಾರು ಬಿದ್ದಿವೆ, ತಿಂದಿದ್ದು ಮಾತ್ರ ಕಡಿಮೆ ಎಂದರೆ ಮುಂಗುಸಿ, ಪುನುಗು ಬೆಕ್ಕು ಇಲ್ಲವೇ ನಾಯಿಯ ಕೆಲಸ. ಜಾಲರಿಯ ಪಕ್ಕದಲ್ಲೇ ತಲೆ ಇಲ್ಲದ ಕೋಳಿ ಸಿಕ್ಕರೆ ಯಾವುದೋ ಪ್ರಾಣಿ ಹೊರಗೆ ನಿಂತು ಕಿಂಡಿಯಿಂದಲೇ ಎಳೆದಿದೆ ಎಂದರ್ಥ. ಮೊಟ್ಟೆ ಇಡಿಯಾಗಿ, ಚಿಪ್ಪೂ ಇಲ್ಲದಂತೆ ಕಾಣೆಯಾದರೆ ಹಾವು ಅಥವಾ ಉಡ. ಒಡೆದ ಚಿಪ್ಪು ಬಿದ್ದಿದ್ದರೆ ಮುಂಗುಸಿ ಅಥವಾ ಕಾಗೆ.

ರಾತ್ರಿ ಬರುವುದು ಯಾರು ಎಂದು ಗೊತ್ತಾಗುತ್ತಿಲ್ಲವೇ? ಗೂಡಿನ ಸುತ್ತ ಒಂದು ಮೊಳ ಅಗಲಕ್ಕೆ ಒಲೆಯ ಬೂದಿಯನ್ನೋ ಜರಡಿ ಹಿಡಿದ ಸಣ್ಣ ಮರಳನ್ನೋ ತೆಳ್ಳಗೆ ಹರಡಿ. ಬೆಳಿಗ್ಗೆ ಹೆಜ್ಜೆ ನೋಡಿ. ದುಂಡಗಿನ ಹೆಜ್ಜೆ, ಉಗುರಿನ ಗುರುತಿಲ್ಲ ಎಂದರೆ ಬೆಕ್ಕಿನ ಜಾತಿ. ಉದ್ದನೆಯ ಹೆಜ್ಜೆ, ಮುಂದೆ ಉಗುರಿನ ಚುಕ್ಕೆ ಇದ್ದರೆ ನಾಯಿ ಅಥವಾ ನರಿ. ಎರೆ (ಕಪ್ಪು ಮಣ್ಣಿನ) ಹೊಲದ ಊರಾದರೆ ಮಳೆ ಬಂದ ಮರುದಿನ ಬೂದಿಯೂ ಬೇಡ, ಮಣ್ಣೇ ಎಲ್ಲ ಹೇಳುತ್ತದೆ. ಕಾಡುಪ್ರಾಣಿ ಎಂದುಕೊಂಡಿದ್ದು ಎಷ್ಟೋ ಸಲ ಪಕ್ಕದ ಓಣಿಯ ನಾಯಿಯೇ ಆಗಿರುತ್ತದೆ. ಮೊಲ, ಬೆಕ್ಕಿನ ಮರಿಗಳ ಮಟ್ಟಿಗೆ ಬೀದಿನಾಯಿಯ ಭಯವೇ ದೊಡ್ಡದು.

ಗೂಡು: ಜಾಲರಿಯಿಂದ ಶುರು ಮಾಡಿ

ಅಂಗಡಿಯಲ್ಲಿ ಕೋಳಿ ಜಾಲರಿ ಎಂದು ಕೇಳಿದರೆ ಆರು ಮೂಲೆಯ ಕಣ್ಣಿನ ತೆಳು ತಂತಿಯ ಜಾಲರಿ ಕೊಡುತ್ತಾರೆ. ಅಗ್ಗ, ಹಗುರ, ಕಟ್ಟುವುದೂ ಸುಲಭ. ಆದರೆ ಅದು ಕೋಳಿ ಹೊರಗೆ ಹೋಗದಂತೆ ತಡೆಯಲು ಮಾಡಿದ್ದು, ಹೊರಗಿನವರನ್ನು ತಡೆಯಲು ಅಲ್ಲ. ನಾಯಿ ಅದನ್ನು ಹಲ್ಲಿನಲ್ಲೇ ಹರಿಯುತ್ತದೆ. ಕಾಡುಬೆಕ್ಕಿನ ಪಂಜ ಅದರ ಕಣ್ಣಿನೊಳಗೆ ಸಲೀಸಾಗಿ ಹೋಗುತ್ತದೆ.

ನಿಮಗೆ ಬೇಕಿರುವುದು ಅರ್ಧ ಇಂಚಿನ ಚೌಕದ ಬೆಸುಗೆ ಜಾಲರಿ. ವೆಲ್ಡ್ ಮೆಶ್ ಎಂದು ಕೇಳಿದರೆ ಕೊಡುತ್ತಾರೆ. ಗೇಜ್ ನಂಬರ್ ಹೆಚ್ಚಾದಷ್ಟೂ ತಂತಿ ತೆಳ್ಳಗಿರುತ್ತದೆ ಎಂಬುದು ನೆನಪಿರಲಿ. 16 ಗೇಜ್ ಎಂದರೆ ಸುಮಾರು 1.6 ಮಿಲಿಮೀಟರ್ ದಪ್ಪ, ಗಟ್ಟಿಮುಟ್ಟು. 19 ಗೇಜ್ ಸುಮಾರು 1 ಮಿಲಿಮೀಟರ್. ಅದು ಹೆಗ್ಗಣ, ಮುಂಗುಸಿಗೆ ಸಾಕು, ದೊಡ್ಡ ನಾಯಿಯ ಕಾಟ ಇರುವಲ್ಲಿ ಸಾಲದು. ಗೂಡಿಗೆ ಪೂರ್ತಿ ಗಟ್ಟಿ ಜಾಲರಿ ಹಾಕುವಷ್ಟು ದುಡ್ಡಿಲ್ಲ ಎಂದರೆ ನೆಲದಿಂದ ಮೂರು ಅಡಿಯವರೆಗಾದರೂ ಅದನ್ನೇ ಹಾಕಿ. ಬೇರೆ ಕಡೆ ಉಳಿಸಿ, ಇಲ್ಲಿ ಬೇಡ.

ಜಾಲರಿಯನ್ನು ಚೌಕಟ್ಟಿಗೆ ಮೊಳೆ ಹೊಡೆದು ಬಗ್ಗಿಸಿದರೆ ನಾಲ್ಕು ದಿನದಲ್ಲಿ ಸಡಿಲವಾಗುತ್ತದೆ. ಮೇಲೊಂದು ಮರದ ಪಟ್ಟಿ ಇಟ್ಟು ಸ್ಕ್ರೂ ಹಾಕಿಸಿ. ಬಡಿಗೇರರಿಗೆ ಇದು ಅರ್ಧ ದಿನದ ಕೆಲಸ. ಬಾಗಿಲಿನ ಬಿಜಾಗರಿಯ ಕಡೆ, ಮೂಲೆಗಳಲ್ಲಿ, ತಗಡು ಮತ್ತು ಗೋಡೆ ಸೇರುವ ಜಾಗದಲ್ಲಿ ಬೆರಳು ಹಾಕಿ ನೋಡಿ. ಬೆರಳು ಹೋದರೆ ಹಾವೂ ಹೋಗುತ್ತದೆ. ಇದು ಲವ್ ಬರ್ಡ್ಸ್ ಪಂಜರಕ್ಕೂ ಅಷ್ಟೇ ನಿಜ. ಕಿಂಡಿಯಿಂದ ಒಳಗೆ ನುಸುಳಿದ ಹಾವು ಹಕ್ಕಿ ನುಂಗಿ ಹೊಟ್ಟೆ ಉಬ್ಬಿ, ಹೊರಬರಲಾಗದೆ ಅಲ್ಲೇ ಸುತ್ತಿಕೊಂಡಿರುತ್ತದೆ. ಬೆಳಿಗ್ಗೆ ಕೈ ಹಾಕುವ ಮುಂಚೆ ನೋಡಿಯೇ ಹಾಕಿ.

ಇನ್ನು ನೆಲ. ನರಿ, ನಾಯಿ, ಮುಂಗುಸಿ ಗೋಡೆಯ ಬುಡದಲ್ಲೇ ತೋಡುತ್ತವೆ. ಜಾಲರಿಯನ್ನು ಒಂದು ಅಡಿ ಆಳಕ್ಕೆ ಹೂಳಬೇಕು. ಬಾದಾಮಿ ಕಡೆಯ ಹಾಗೆ ಕೆಳಗೆ ಬಂಡೆ ಇದ್ದರೆ ತೋಡುವ ಕಷ್ಟ ಬೇಡ. ಜಾಲರಿಯನ್ನು ಬುಡದಿಂದ ಹೊರಕ್ಕೆ ಒಂದೂವರೆ ಅಡಿ ನೆಲದ ಮೇಲೆ ಹಾಸಿ, ಮೇಲೆ ಕಲ್ಲು ಮಣ್ಣು ಹೇರಿ. ತೋಡಲು ಬಂದ ಪ್ರಾಣಿ ಗೋಡೆ ಪಕ್ಕದಲ್ಲೇ ಕೆರೆಯುತ್ತದೆ, ಕಾಲಡಿಯ ಜಾಲರಿ ತಡೆಯುತ್ತದೆ. ಎರೆ ಮಣ್ಣಿನಲ್ಲಿ ಬೇಸಿಗೆಗೆ ಬಿರುಕು ಬಿಟ್ಟು ಜಾಲರಿ ಎದ್ದು ಕಾಣುತ್ತದೆ. ಯುಗಾದಿ ಹೊತ್ತಿಗೆ ಒಮ್ಮೆ ಪರೀಕ್ಷೆ ಮಾಡಿ, ಬಿರುಕಿಗೆ ಗರಸು ತುಂಬಿ.

ಮೊಲದ ಗೂಡನ್ನು ನೆಲದಿಂದ ಮೂರು ಅಡಿ ಎತ್ತರದಲ್ಲಿ ಕಾಲಿನ ಮೇಲೆ ನಿಲ್ಲಿಸುವುದು ಒಳ್ಳೆಯದು. ಕಾಲುಗಳಿಗೆ ನುಣುಪಾದ ತಗಡು ಸುತ್ತಿದರೆ ಹೆಗ್ಗಣ ಹತ್ತುವುದಿಲ್ಲ. ಆದರೆ ಬರೀ ತಂತಿಯ ಮೇಲೆ ಮೊಲವನ್ನು ನಿಲ್ಲಿಸಬೇಡಿ, ಪಾದ ಹುಣ್ಣಾಗುತ್ತದೆ. ಹಲಗೆ ಹಾಕಿ ಒಣ ಹುಲ್ಲು ಹಾಸಿ. ಗೂಡಿನೊಳಗೆ ಒಂದು ಕತ್ತಲೆಯ ಪೆಟ್ಟಿಗೆ ಇಡಲೇಬೇಕು. ಹೊರಗಿನ ಪ್ರಾಣಿ ಒಳಗೆ ಬಾರದಿದ್ದರೂ, ಸುತ್ತ ಸುಳಿದಾಡಿದ ಹೆದರಿಕೆಗೇ ಮೊಲ ಸಾಯಬಹುದು. ಅಡಗಲು ಮೂಲೆ ಇದ್ದರೆ ಆ ಜೀವಕ್ಕೆ ಧೈರ್ಯ.

ಮೇಲ್ಛಾವಣಿಯ ವಿಷಯದಲ್ಲಿ ನಮ್ಮ ಬಿಸಿಲನ್ನು ಮರೆಯಬೇಡಿ. ಭದ್ರವಾಗಲಿ ಎಂದು ನಾಲ್ಕೂ ಕಡೆ ಪತ್ರಾಸ್ (ತಗಡು) ಹೊಡೆದರೆ ಬೇಟೆಗಾರನಿಂದ ಉಳಿದ ಮೊಲ ಧಗೆಯಿಂದ ಸಾಯುತ್ತದೆ. 30 ಡಿಗ್ರಿ ದಾಟಿದರೇ ಮೊಲಕ್ಕೆ ಕಷ್ಟ, ಇಲ್ಲಿ ಏಪ್ರಿಲ್‌ನಲ್ಲಿ 40 ದಾಟುತ್ತದೆ. ಮೇಲೆ ತಗಡು, ಅದರ ಮೇಲೆ ಕಣಿಕೆಯ (ಒಣಗಿದ ಜೋಳದ ದಂಟಿನ) ಹೊದಿಕೆ, ಎರಡು ಎದುರು ಬದುರು ಗೋಡೆಗಳಿಗೆ ಜಾಲರಿ. ಇಷ್ಟಿದ್ದರೆ ಗಾಳಿಯೂ ಆಡುತ್ತದೆ, ಗೂಡೂ ಭದ್ರ.

ಚಿಲಕ ಎರಡು ಇರಲಿ. ಬರೀ ಕೊಂಡಿಯನ್ನು ಕಾಡುಬೆಕ್ಕಾಗಲಿ ಕೋತಿಯಾಗಲಿ ಅಲುಗಾಡಿಸಿ ತೆಗೆಯಬಹುದು. ಕೊಂಡಿಗೆ ಒಂದು ಸರಳು ತೂರಿಸಿ ತಿರುಗಿಸುವ ವ್ಯವಸ್ಥೆ ಮಾಡಿ.

ಹಗಲಿನಲ್ಲಿ ಆಕಾಶದ ಕಡೆ

ಹದ್ದಿನ ರೆಕ್ಕೆ ಬಿಚ್ಚಿದರೆ ಐದು ಅಡಿಯ ಹತ್ತಿರ ಅಗಲ, ಆದರೆ ತೂಕ ಒಂದು ಕಿಲೋ ಕೂಡ ಇರುವುದಿಲ್ಲ. ಆದ್ದರಿಂದ ಎರಡು ಮೂರು ಕಿಲೋದ ಪೊಮೆರೇನಿಯನ್ ನಾಯಿಯನ್ನು ಅದು ಎತ್ತಿಕೊಂಡು ಹೋಗುತ್ತದೆ ಎಂಬ ಭಯ ಬೇಡ. ಕೋಳಿಮರಿ, ಗಿನಿಪಿಗ್, ಮೊಲದ ಮರಿ, ಕಣ್ಣು ಬಿಟ್ಟ ಹೊಸ ಬೆಕ್ಕಿನ ಮರಿ, ಇವುಗಳ ಬಗ್ಗೆ ಮಾತ್ರ ಎಚ್ಚರ ಬೇಕು. ಜಾತ್ರೆಯಲ್ಲಿ ಮಕ್ಕಳು ಹಟ ಮಾಡಿ ತಂದ ಬಣ್ಣದ ಮರಿಗಳಿಗೆ ತಾಯಿಯೂ ಇಲ್ಲ, ಕಾಗೆ ಕಂಡರೆ ಓಡುವ ಬುದ್ಧಿಯೂ ಇಲ್ಲ. ಅವನ್ನು ಬುಟ್ಟಿಯಡಿಯಲ್ಲೇ ಬೆಳೆಸಿ.

ಅಗಲ ರೆಕ್ಕೆಯೇ ಹದ್ದಿನ ತೊಡಕು ಕೂಡ. ಅಂಗಳದ ಮೇಲೆ ಒಂದೊಂದು ಅಡಿಗೆ ಒಂದರಂತೆ ದಪ್ಪ ಹುರಿ ಬಿಗಿದು ಕಟ್ಟಿದರೆ ಅದಕ್ಕೆ ಇಳಿಯಲು, ಮುಖ್ಯವಾಗಿ ಮೇಲೇರಲು ಜಾಗ ಸಿಗುವುದಿಲ್ಲ. ಚಪ್ಪರಕ್ಕೆ ಹೀರೆ, ಅವರೆ ಬಳ್ಳಿ ಹಬ್ಬಿಸಿದರೂ ಆಯಿತು. ಮೀನಿನ ಬಲೆ, ತೆಳು ನೈಲಾನ್ ದಾರ ಮಾತ್ರ ಕಟ್ಟಬೇಡಿ. ಹಕ್ಕಿಗೆ ಅದು ಕಾಣುವುದಿಲ್ಲ. ಸಿಕ್ಕಿಕೊಂಡು ರೆಕ್ಕೆ ಕತ್ತರಿಸಿಕೊಂಡು ಒದ್ದಾಡಿ ಸಾಯುತ್ತದೆ. ಕಣ್ಣಿಗೆ ಕಾಣುವ ಬಿಳಿ ಹುರಿ ಎಲ್ಲರಿಗೂ ಕ್ಷೇಮ.

ಹಳೆಯ ಸಿ.ಡಿ, ಮಿಣಮಿಣ ಪಟ್ಟಿ, ಪ್ಲಾಸ್ಟಿಕ್ ಗೂಬೆ, ಇವೆಲ್ಲ ಸ್ವಲ್ಪ ದಿನ ಕೆಲಸ ಮಾಡುತ್ತವೆ. ಆಮೇಲೆ ಹದ್ದು ಅದರ ಮೇಲೇ ಕೂರುತ್ತದೆ. ಅದಕ್ಕಿಂತ ಮಾಂಸ ತೊಳೆದ ನೀರು, ಮೀನಿನ ತಲೆ ಅಂಗಳದಲ್ಲಿ ಎಸೆಯುವುದನ್ನು ನಿಲ್ಲಿಸಿ. ಹದ್ದನ್ನು ದಿನಾ ಊಟಕ್ಕೆ ಕರೆದು, ಮರಿ ಒಯ್ದಿತು ಎಂದರೆ ಹೇಗೆ?

ಮಾಳಿಗೆ ಮೇಲೆ ಪಾರಿವಾಳ ಸಾಕುವವರು ದಿನಾ ಒಂದೇ ಹೊತ್ತಿಗೆ ಬಿಡಬೇಡಿ. ಗಿಡುಗ ಸಮಯ ಕಲಿಯುತ್ತದೆ. ಪಂಜರದ ಹಕ್ಕಿಗಳಿಗೆ ಬೇರೆ ಅಪಾಯ. ಪಾರಿವಾಳದಷ್ಟೇ ಇರುವ ಶಿಕ್ರಾ ಎಂಬ ಗಿಡುಗ ಪಂಜರಕ್ಕೆ ಬಂದು ನೇತುಬೀಳುತ್ತದೆ. ಒಳಗಿನ ಹಕ್ಕಿ ಗಾಬರಿಯಿಂದ ತಂತಿಗೆ ಬಡಿದುಕೊಂಡಾಗ ಉಗುರು ಹಾಕಿ ಹಿಡಿಯುತ್ತದೆ. ಪಂಜರವನ್ನು ಗೋಡೆಗೆ ತಾಗಿಸಿ ಇಡಿ, ಎರಡು ಬದಿ ಹಲಗೆಯಿಂದ ಮುಚ್ಚಿ. ಹಾಂ, ಗಿಳಿ ಸಾಕಿದ್ದೇವೆ ಎನ್ನುವವರಿಗೆ ಒಂದು ಮಾತು: ನಮ್ಮ ನಾಡಿನ ಗಿಳಿ, ನಕ್ಷತ್ರ ಆಮೆಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಕಾನೂನಿಗೆ ವಿರುದ್ಧ.

ಸಂಜೆಯ ಕೆಲಸ

ಸೂರ್ಯ ಮುಳುಗುವ ಮುಂಚೆ ಎಲ್ಲವೂ ಒಳಗೆ ಇರಬೇಕು. ದೀಪ ಹಚ್ಚುವ ಹೊತ್ತಿಗೆ ಎಣಿಸಿ, ಚಿಲಕ ಹಾಕಿ. ಹೊಲದಲ್ಲಿ ಕುರಿ ತರುಬುವ ಕುರುಬರನ್ನು ನೋಡಿ. ಎಷ್ಟೇ ದಣಿದಿದ್ದರೂ ಕತ್ತಲಾಗುವ ಮುಂಚೆ ಬಲೆ ಕಟ್ಟಿ ಮರಿಗಳನ್ನು ಒಳಗೆ ಸೇರಿಸುತ್ತಾರೆ. ತೋಳದ ನಾಡಿನಲ್ಲಿ ಬದುಕಿ ಕಲಿತ ಶಿಸ್ತು ಅದು.

ಉಳಿದ ಕಾಳು, ನುಚ್ಚು ರಾತ್ರಿ ಗೂಡಿನಲ್ಲಿ ಬಿಡಬೇಡಿ. ಕಾಳಿಗೆ ಇಲಿ ಬರುತ್ತದೆ, ಇಲಿಗೆ ಹಾವು ಬರುತ್ತದೆ. ಗೂಡಿನ ಸುತ್ತ ಹತ್ತು ಅಡಿ ಕಸ, ಕಟ್ಟಿಗೆ ರಾಶಿ, ಜಾಲಿ ಪೊದೆ ಇಲ್ಲದಂತೆ ನೋಡಿಕೊಳ್ಳಿ.

ಮುಧೋಳ ನಾಯಿ ಇದೆ, ಕಾಯುತ್ತದೆ ಎಂದು ಕೆಲವರು ನಿಶ್ಚಿಂತೆಯಿಂದ ಇರುತ್ತಾರೆ. ನಮ್ಮ ಹೆಮ್ಮೆಯ ತಳಿ ನಿಜ. ಆದರೆ ಅದು ಓಡುವ ಮೊಲವನ್ನು ಕಂಡು ಬೆನ್ನಟ್ಟಲು ಬೆಳೆಸಿದ ತಳಿ. ಮೊಲದ ಗೂಡಿನ ಬಳಿ ಅದನ್ನು ಬಿಡುವುದು ಸರಿಯಲ್ಲ.

ಚಿರತೆ ಓಡಾಡುವ ಖಾನಾಪುರದಂಥ ಕಡೆ ನಾಯಿಯನ್ನೂ ರಾತ್ರಿ ಒಳಗೇ ಮಲಗಿಸಬೇಕು. ಹೊರಗೆ ಸರಪಳಿ ಹಾಕಿ ಕಟ್ಟಿದ ನಾಯಿಗೆ ಓಡಲೂ ಆಗುವುದಿಲ್ಲ. ಕಾಡಿನ ಊರಿಗೆ ಮಾತ್ರ ಈ ಮಾತು ಎಂದುಕೊಳ್ಳಬೇಡಿ. 2022ರ ಆಗಸ್ಟ್‌ನಲ್ಲಿ ಬೆಳಗಾವಿ ನಗರದ ಜಾಧವ ನಗರದಲ್ಲೇ ಚಿರತೆ ಕಾಣಿಸಿಕೊಂಡಿತ್ತು. ಗಾಲ್ಫ್ ಮೈದಾನದ ಸುತ್ತ ಅದನ್ನು ಹುಡುಕಲು ಶಿವಮೊಗ್ಗ ಬಳಿಯ ಸಕ್ರೆಬೈಲು ಆನೆ ಶಿಬಿರದಿಂದ ಆನೆಗಳನ್ನೇ ತರಿಸಬೇಕಾಯಿತು.

ಏಟು ಬಿದ್ದರೆ

ಪ್ರಾಣಿಯನ್ನು ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡುವ ಕತ್ತಲೆಯ ಡಬ್ಬಿಯಲ್ಲಿಡಿ. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಗಾಯ ತೊಳೆಯಿರಿ. ಎಣ್ಣೆ, ಸುಣ್ಣ, ಸೀಮೆಎಣ್ಣೆ ಹಚ್ಚಬೇಡಿ. ಮನುಷ್ಯರ ನೋವಿನ ಮಾತ್ರೆ ಕೊಡಲೇಬೇಡಿ, ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಬೆಕ್ಕು ಕಚ್ಚಿದ ಗಾಯ ಸೂಜಿಯ ಚುಚ್ಚಿನಷ್ಟೇ ಕಂಡರೂ ಒಳಗೆ ಕೀವಾಗುತ್ತದೆ. ಅದೇ ದಿನ ಪಶುವೈದ್ಯರಿಗೆ ತೋರಿಸಿ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಬಹುದು.

ನಾಯಿ, ಬೆಕ್ಕಿಗೆ ನರಿ, ಮುಂಗುಸಿ ಅಥವಾ ಬೀದಿನಾಯಿ ಕಚ್ಚಿದ್ದರೆ, ಮೊದಲು ರೇಬಿಸ್ ಲಸಿಕೆ ಹಾಕಿಸಿದ್ದರೂ ಮತ್ತೆ ಹಾಕಿಸಬೇಕು. ಬಿಡಿಸಲು ಹೋಗಿ ನಿಮಗೇ ಹಲ್ಲು ತಾಗಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಿ. ನಾಳೆ ನೋಡೋಣ ಎನ್ನಬೇಡಿ.

ವಿಷ ಬೇಡ, ಉರುಳು ಬೇಡ

ಸಿಟ್ಟಿನಲ್ಲಿ ಸತ್ತ ಕೋಳಿಗೆ ಹೊಲದ ಔಷಧಿ ಸವರಿ ಇಡುವವರಿದ್ದಾರೆ. ಅದನ್ನು ತಿನ್ನುವುದು ನಿಮ್ಮ ಕೋಳಿ ಒಯ್ದ ನರಿಯೇ ಆಗಬೇಕೆಂದಿಲ್ಲ. ಪಕ್ಕದ ಮನೆಯ ನಾಯಿ, ಕಾಗೆ, ಹದ್ದು ಎಲ್ಲ ಸಾಯುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಹದ್ದು, ಗಿಡುಗ, ಮುಂಗುಸಿ, ಕಾಡುಬೆಕ್ಕು, ನರಿಗಳನ್ನು ಕೊಲ್ಲುವುದು, ಹಿಡಿಯುವುದು ಅಪರಾಧ. ಹೊಲದ ಇಲಿ, ಹೆಗ್ಗಣಗಳನ್ನು ಪುಕ್ಕಟೆ ಹಿಡಿಯುವವರು ಇವರೇ ಎಂಬುದನ್ನೂ ಮರೆಯಬಾರದು.

ಗೂಡಿನೊಳಗೇ ಪ್ರಾಣಿ ಸಿಕ್ಕಿಹಾಕಿಕೊಂಡಿದ್ದರೆ ಕೋಲು ಹಿಡಿದು ಸುತ್ತುವರಿಯಬೇಡಿ. ಮುಂಗುಸಿಯೋ ಕಾಡುಬೆಕ್ಕೋ ಆದರೆ ಬಾಗಿಲು ತೆರೆದು, ಮಕ್ಕಳನ್ನು ದೂರ ಕಳಿಸಿ, ಹಿಂದೆ ಸರಿಯಿರಿ. ಅದು ತಾನಾಗಿ ಹೋಗುತ್ತದೆ. ಹಾವು, ಚಿರತೆ, ಗಾಯಗೊಂಡ ಹದ್ದು ಆದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

ಕಬ್ಬು ಕಡಿಯುವಾಗ ಸಣ್ಣ ಮರಿಗಳು ಕಂಡರೆ ಚಿರತೆ ಮರಿ ಎಂದು ಕೂಗು ಏಳುತ್ತದೆ. ಬಹಳ ಸಲ ಅವು ಕಾಡುಬೆಕ್ಕಿನ ಮರಿಗಳು. ಮುಟ್ಟಬೇಡಿ, ಮನೆಗೆ ತರಬೇಡಿ, ಫೋಟೊಗಾಗಿ ಎತ್ತಬೇಡಿ. ಮೊದಲು 1926ಕ್ಕೆ ತಿಳಿಸಿ. ಕಡಿಯುವ ಗ್ಯಾಂಗಿನವರಿಗೆ ಹೇಳಿ ಆ ಜಾಗದಲ್ಲಿ ನಾಲ್ಕು ಸಾಲು ಕಬ್ಬು ಒಂದು ದಿನ ಹಾಗೇ ನಿಲ್ಲಿಸಿ, ಎಲ್ಲರೂ ದೂರ ಸರಿಯಿರಿ. ಸಾಮಾನ್ಯವಾಗಿ ರಾತ್ರಿ ತಾಯಿ ಬಂದು ಬಾಯಲ್ಲಿ ಕಚ್ಚಿ ಒಂದೊಂದಾಗಿ ಒಯ್ಯುತ್ತದೆ. ಬೆಳಿಗ್ಗೆ ಮರಿಗಳು ಇನ್ನೂ ಅಲ್ಲೇ ಇದ್ದರೆ ಇಲಾಖೆಯವರಿಗೆ ಮತ್ತೊಮ್ಮೆ ಹೇಳಿ.