ಲಾಳ ಬೇಕೋ ಬೇಡವೋ: ನಮ್ಮ ಕುದುರೆಗಳ ವಿಷಯದಲ್ಲಿ ನಾನು ನೋಡಿದ್ದು

ಮೈಸೂರಿನ ಹೊರಗಿರುವ ನಮ್ಮ ಲಾಯದಲ್ಲಿ ಎರಡು ಕುದುರೆಗಳಿವೆ. ಗಂಡು ಟಾಂಗಾ ಎಳೆಯುತ್ತದೆ, ಹೆಣ್ಣು ಸವಾರಿಗೆ ಮಾತ್ರ. ಟಾಂಗಾ ಕುದುರೆಗೆ ನಾಲ್ಕೂ ಕಾಲಿಗೆ ಲಾಳ ಇದೆ. ಅದರಲ್ಲಿ ಎರಡು ಮಾತಿಲ್ಲ. ಗೊರಸು ತಿಂಗಳಿಗೆ ಬೆಳೆಯುವುದು 6ರಿಂದ 10 ಮಿಲಿಮೀಟರ್ ಅಷ್ಟೇ. ದಿನವೂ ಡಾಂಬರಿನ ಮೇಲೆ ಭಾರ ಎಳೆದರೆ ಅದಕ್ಕಿಂತ ಜಾಸ್ತಿ ಸವೆಯುತ್ತದೆ.

ಯೋಚನೆ ಬೇಕಾಗಿದ್ದು ಹೆಣ್ಣು ಕುದುರೆಗೆ, ಅದರ ಲಾಳ ತೆಗೆಸಬಹುದಾ ಅಂತ. ಅದು ಓಡಾಡುವುದು ಕೆಮ್ಮಣ್ಣಿನ ದಾರಿಯಲ್ಲಿ. ಮೊದಲು ಕಾಲೆತ್ತಿ ನೋಡಿದೆ. ಗೊರಸಿನ ಅಂಚು ದಪ್ಪಗಿತ್ತು. ತಳ ಚಪ್ಪಟೆಯಾಗಿರದೆ ಒಳಕ್ಕೆ ಗುಳಿ ಬಿದ್ದಿತ್ತು. ನಡುವಿನ ತ್ರಿಕೋನದ ಭಾಗ ಅಗಲವಾಗಿ, ಗಟ್ಟಿಯಾಗಿತ್ತು. ಚಪ್ಪಟೆ ತಳ, ತೆಳು ಅಂಚು ಇದ್ದಿದ್ದರೆ ಲಾಳ ತೆಗೆಸುವ ಮಾತೇ ಎತ್ತುತ್ತಿರಲಿಲ್ಲ.

ನಮ್ಮ ಲಾಳ ಹೊಡೆಯುವವರು, "ಹಿಂದಿನದ್ದು ಮೊದಲು ಬಿಚ್ಚೋಣ ಸಾರ್, ಮುಂದಿನದ್ದು ಆಮೇಲೆ ನೋಡೋಣ" ಅಂದರು. ಕುದುರೆಯ ಭಾರದಲ್ಲಿ ಸುಮಾರು ಶೇ. 60 ಮುಂಗಾಲಿನ ಮೇಲೇ ಬೀಳುತ್ತದೆ. ಅದಕ್ಕೇ ಆ ಮಾತು ನನಗೆ ಸರಿ ಅನ್ನಿಸಿತು. ಮಳೆ ನಿಂತು ನೆಲ ಇನ್ನೂ ಸ್ವಲ್ಪ ಮೆತ್ತಗಿದ್ದಾಗ ಹಿಂದಿನ ಲಾಳ ತೆಗೆಸಿದೆವು. ಅಂಚು ಸೀಳದಂತೆ ಅರದಿಂದ ಉಜ್ಜಿ ದುಂಡಗೆ ಮಾಡಿದರು.

ಆಮೇಲೆ ನೋಡುವುದೇ ಕೆಲಸ. ಪಕ್ಕದಲ್ಲಿ ನಿಂತು ನಡಿಗೆ ನೋಡುತ್ತಿದ್ದೆ. ಹಿಮ್ಮಡಿ ಮೊದಲು ನೆಲ ಮುಟ್ಟಿದರೆ ಒಳ್ಳೆಯದು. ತುದಿ ಮೊದಲು ಊರಿದರೆ ಹಿಂಭಾಗದಲ್ಲಿ ನೋವಿರಬಹುದು. ಜಲ್ಲಿ ಮೇಲೂ ನಡೆಸಿದೆ. ಹೆಜ್ಜೆ ಗಿಡ್ಡ ಮಾಡುತ್ತದಾ, ದಾರಿ ಬಿಟ್ಟು ಹುಲ್ಲಿನ ಕಡೆ ಎಳೆಯುತ್ತದಾ ಅಂತ. ಹಿಂಗಾಲು ಗಟ್ಟಿಯಾದ ಮೇಲೆ ಮುಂಗಾಲಿನ ಲಾಳವೂ ಹೋಯಿತು. ಮುಂಗಾಲು ಹೊಂದಿಕೊಳ್ಳಲು ತಿಂಗಳುಗಟ್ಟಲೆ ಬೇಕಾಯಿತು. ಆ ದಿನಗಳಲ್ಲಿ ಕಲ್ಲಿನ ದಾರಿಗೆ ಗೊರಸಿಗೆ ತೊಡಿಸುವ ರಬ್ಬರಿನ ಹೂಫ್ ಬೂಟ್ ಹಾಕುತ್ತಿದ್ದೆ.

ಲಾಳ ಇಲ್ಲ ಅಂದರೆ ಆರೈಕೆಯೂ ಬೇಡ ಅಂತ ಅಂದುಕೊಳ್ಳುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಕಾಡು ಕುದುರೆಗೆ ಲಾಳ ಎಲ್ಲಿದೆ ಅಂತ ಕೇಳುತ್ತಾರೆ. ಅದು ಒಣನೆಲದಲ್ಲಿ ದಿನಕ್ಕೆ ಮೈಲಿಗಟ್ಟಲೆ ನಡೆಯುತ್ತದೆ, ಬೆನ್ನ ಮೇಲೆ ಮನುಷ್ಯನೂ ಇಲ್ಲ. ನಮ್ಮದು ಲಾಯದಲ್ಲಿ ನಿಲ್ಲುತ್ತದೆ, ಅಲ್ವಾ? ಹಾಗಾಗಿ ಆರು ವಾರಕ್ಕೊಮ್ಮೆ ಗೊರಸು ಕತ್ತರಿಸಲೇಬೇಕು. ಮಳೆಗಾಲದಲ್ಲಿ ದಿನವೂ ಕೆಸರು ಕೆರೆದು ತೆಗೆಯಬೇಕು, ಇಲ್ಲದಿದ್ದರೆ ನಡುಭಾಗ ಕಪ್ಪಾಗಿ ಕೊಳೆತು ನಾರುತ್ತದೆ. ಗೊರಸು ಬಿಸಿಯಾಗಿದ್ದು, ಅದರ ಮೇಲಿನ ನಾಡಿ ಜೋರಾಗಿ ಬಡಿಯುತ್ತಿದ್ದರೆ ಲಾಳದ ಚರ್ಚೆ ಬಿಟ್ಟು ಮೊದಲು ಪಶುವೈದ್ಯರನ್ನು ಕರೆಯಿರಿ.

ಬೇಸಿಗೆಯಲ್ಲಿ ಸವಾರಿ ಜಾಸ್ತಿಯಾಗಿ ಡಾಂಬರಿಗೆ ಇಳಿಯಬೇಕಾದರೆ ಮುಂಗಾಲಿಗಷ್ಟೇ ಮತ್ತೆ ಲಾಳ ಹೊಡೆಸುತ್ತೇನೆ.